ಕಾಯಕದ ಹೆಸರಿನಲ್ಲಿ ಬಿಟ್ಟಿ ಚಾಕರಿ ಬೇಡ



ಕಳೆದ ತಿಂಗಳ ಶಿವಾನುಭವ ಗೋಷ್ಠಿಗೆ ಅತಿಥಿಗಳಾಗಿ ಉದ್ಯಮಿಯೊಬ್ಬರು ಬಂದಿದ್ದರು. ವಿಭೂತಿ ಧರಿಸಿ, ಪೂಜ್ಯರಿಗೆ ನಮಸ್ಕರಿಸಿ, ಮೈಕು ಹಿಡಿದು ಅರ್ಧ ಗಂಟೆ ಮಾತಾಡಿದರು. "ನಮ್ಮ ಯುವಕರು ವಾರಕ್ಕೆ ಎಪ್ಪತ್ತು ಗಂಟೆ ದುಡಿಯಬೇಕು. ಯುದ್ಧದಲ್ಲಿ ಸುಟ್ಟು ಬೂದಿಯಾಗಿದ್ದ ಜರ್ಮನಿ, ಜಪಾನ್ ದೇಶಗಳು ಹಾಗೆಯೇ ಮೇಲೆದ್ದವು. ಗಡಿಯಾರ ನೋಡಿ ಕೆಲಸ ಮಾಡುವವನು ಕಾಯಕಜೀವಿಯಲ್ಲ" ಎಂದರು. ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ.

ಅಂದು ಬೆಂಗಳೂರಿನಿಂದ ಊರಿಗೆ ಬಂದಿದ್ದ ನಮ್ಮ ಅಣ್ಣನ ಮಗಳು ಹಿಂದಿನ ಸಾಲಿನಲ್ಲಿ ಕುಳಿತಿದ್ದಳು. ಅವಳೂ ಅವಳ ಅಣ್ಣನೂ ಇಬ್ಬರೂ ಇಂಜಿನಿಯರುಗಳು. ಒಂದೇ ಕಂಪನಿ, ಹೆಚ್ಚುಕಡಿಮೆ ಒಂದೇ ಕೆಲಸ. ಅವನು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ, ಅವಳು ಬೆಂಗಳೂರಿನಲ್ಲಿ. ಪ್ರಸಾದಕ್ಕೆ ಕುಳಿತಾಗ ಕೇಳಿದಳು:

"ಕಾಕಾ, ಅಣ್ಣಾ ಸಂಜೀ ಐದಕ್ಕ ಲ್ಯಾಪ್‌ಟಾಪ್ ಮುಚ್ಚಿ ಮನಿಗೆ ಹೋಗ್ತಾನ. ಅವರ ನಾಕರ ಮೀಟಿಂಗ್ ನಮಗ ರಾತ್ರಿ ಏಳೂವರಿಗೆ ಶುರು ಆಗ್ತದ. ನಾ ಮನಿ ಮುಟ್ಟೂದು ಹನ್ನೊಂದಕ್ಕ. ಇವತ್ತು ಅವರು ಹೇಳಿದ್ದು ಖರೇ ಇದ್ರ, ಅಣ್ಣಾ ಮೈಗಳ್ಳ, ನಾ ಶರಣಿ. ಹೌದಲ್ರಿ?"

ನನ್ನ ಬಳಿ ಉತ್ತರ ಇರಲಿಲ್ಲ. ನಾಲ್ಕು ವಾರ ಓದಿ, ವಿಚಾರಿಸಿ, ಈಗ ಬರೆಯುತ್ತಿದ್ದೇನೆ. ಆ ಚಪ್ಪಾಳೆಯನ್ನು ನಾನು ವಾಪಸ್ ಪಡೆಯುತ್ತೇನೆ.

ಜರ್ಮನಿಯ ಹೆಸರು ಹೇಳುವವರು ಜರ್ಮನಿಯನ್ನು ಪೂರ್ತಿ ಹೇಳಲಿ

ಈ ಮಾತು ನಮ್ಮ ಅತಿಥಿಗಳ ಸ್ವಂತದ್ದಲ್ಲ. 2023ರ ಅಕ್ಟೋಬರ್‌ನಲ್ಲಿ ಇನ್ಫೋಸಿಸ್ ಸಹಸಂಸ್ಥಾಪಕ ಎನ್.ಆರ್. ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. ಯುದ್ಧಾನಂತರದ ಜರ್ಮನಿ, ಜಪಾನ್‌ಗಳನ್ನು ಉದಾಹರಿಸಿದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್ ಅವರು ಅದನ್ನು 90ಕ್ಕೆ ಏರಿಸಿದರು. ಭಾನುವಾರ ಮನೆಯಲ್ಲಿ ಕುಳಿತು ಹೆಂಡತಿಯ ಮುಖವನ್ನು ಎಷ್ಟು ಹೊತ್ತು ನೋಡುತ್ತೀರಿ ಎಂದೂ ಕೇಳಿದರು. ಅಲ್ಲಿಂದ ಈ ಮಾತು ಊರೂರಿನ ವೇದಿಕೆಗಳಿಗೆ ಇಳಿದಿದೆ. ನಮ್ಮ ವೇದಿಕೆಗೆ ಬರುವಾಗ ಮಾತ್ರ ಅದಕ್ಕೆ ವಿಭೂತಿ ಬಳಿದು 'ಕಾಯಕ' ಎಂದು ಹೆಸರಿಡಲಾಗಿದೆ.

ಜರ್ಮನಿಯ ಇಂದಿನ ಲೆಕ್ಕ ಮೊದಲು ನೋಡೋಣ. ಅಲ್ಲಿ ಒಬ್ಬ ದುಡಿಯುವವನ ಪಾಲಿಗೆ ವರ್ಷಕ್ಕೆ ಸರಾಸರಿ ಬರುವುದು ಸುಮಾರು 1,340 ಗಂಟೆ. ಶ್ರೀಮಂತ ದೇಶಗಳ ಒಕ್ಕೂಟವಾದ ಒಇಸಿಡಿಯ ಪಟ್ಟಿಯಲ್ಲಿ ಅತಿ ಕಡಿಮೆ ಗಂಟೆಗಳ ದೇಶ ಅದು. ಅರೆಕಾಲಿಕ ಕೆಲಸಗಾರರು ಹೆಚ್ಚಿರುವುದೂ ಇದಕ್ಕೆ ಒಂದು ಕಾರಣ, ನಿಜ. ಆದರೆ ಪೂರ್ಣಕಾಲಿಕ ನೌಕರನಿಗೂ ಅಲ್ಲಿನ ಕಾನೂನು ದಿನಕ್ಕೆ 8 ಗಂಟೆಯ ಮಿತಿ ಹಾಕಿದೆ. ಕೆಲವು ದಿನ 10 ಗಂಟೆಗೆ ಏರಿಸಿದರೆ ಆರು ತಿಂಗಳೊಳಗೆ ಸರಾಸರಿಯನ್ನು ಮತ್ತೆ ಎಂಟಕ್ಕೆ ಇಳಿಸಬೇಕು. ಇಂದಿನ ಕೆಲಸ ಮುಗಿದು ನಾಳಿನ ಕೆಲಸ ಶುರುವಾಗುವ ನಡುವೆ 11 ಗಂಟೆ ವಿಶ್ರಾಂತಿ ಕಡ್ಡಾಯ. ವಾರಕ್ಕೆ ಐದು ದಿನ ದುಡಿಯುವವನಿಗೆ ಕನಿಷ್ಠ 20 ದಿನ ಸಂಬಳ ಸಹಿತ ರಜೆ ಕಾನೂನಿನ ಹಕ್ಕು. ನಮ್ಮ ಹುಡುಗನಿಗೆ ಒಪ್ಪಂದದಂತೆ 30 ದಿನ ಸಿಗುತ್ತದೆ. ಕಾಯಿಲೆ ಬಿದ್ದರೆ ಆರು ವಾರದವರೆಗೆ ಮಾಲೀಕನೇ ಪೂರ್ಣ ಸಂಬಳ ಕೊಡಬೇಕು. ಇಷ್ಟಾದರೂ ಆ ದೇಶ ಬಡವಾಗಿಲ್ಲ.

"ಅದು ಈಗಿನ ಮಾತು, ಯುದ್ಧ ಮುಗಿದಾಗ ಅವರು ದುಡಿಯಲಿಲ್ಲವೇ?" ಎಂದು ಕೇಳಬಹುದು. ದುಡಿದರು. 1950ರ ದಶಕದ ನಡುವೆ ಅಲ್ಲಿನ ಕಾರ್ಖಾನೆಗಳಲ್ಲಿ ವಾರಕ್ಕೆ ಸುಮಾರು 48–49 ಗಂಟೆ ಕೆಲಸವಿತ್ತು. ಎಪ್ಪತ್ತಲ್ಲ, ತೊಂಬತ್ತಲ್ಲ. ಮೇಲಾಗಿ, ಆ ದೇಶ ಎದ್ದದ್ದು ಬರೀ ಬೆವರಿನಿಂದಲ್ಲ. ಅಮೆರಿಕದ ಮಾರ್ಷಲ್ ಯೋಜನೆಯ ಹಣ ಬಂತು. 1953ರ ಲಂಡನ್ ಒಪ್ಪಂದದಲ್ಲಿ ಸಾಲ ಕೊಟ್ಟ ದೇಶಗಳು ಅದರ ಹಳೆಯ ಸಾಲದ ಅರ್ಧದಷ್ಟನ್ನು ಮನ್ನಾ ಮಾಡಿದವು. ನಮ್ಮ ಭಾಷಣಕಾರರು ಎಂದೂ ಹೇಳದ ಇನ್ನೊಂದು ಸಂಗತಿಯಿದೆ. 1951ರಲ್ಲೇ ಅಲ್ಲಿ ಕಲ್ಲಿದ್ದಲು ಮತ್ತು ಉಕ್ಕಿನ ದೊಡ್ಡ ಕಂಪನಿಗಳ ಮೇಲ್ವಿಚಾರಣಾ ಮಂಡಳಿಯಲ್ಲಿ ಮಾಲೀಕರಿಗೆಷ್ಟೋ ಕಾರ್ಮಿಕರಿಗೂ ಅಷ್ಟೇ ಕುರ್ಚಿ ಕೊಡುವ ಕಾನೂನು ಬಂತು. ಐದು ವರ್ಷ ಕಳೆಯುವಷ್ಟರಲ್ಲಿ, 1956ರ ಮೇ ದಿನದಂದು, ಅಲ್ಲಿನ ಕಾರ್ಮಿಕ ಸಂಘಗಳ ಒಕ್ಕೂಟ ಒಂದು ಭಿತ್ತಿಚಿತ್ರ ಹಚ್ಚಿತು. ಅದರಲ್ಲಿ ಒಬ್ಬ ಪುಟ್ಟ ಹುಡುಗ, ಶನಿವಾರ ಅಪ್ಪ ನನಗೆ ಸೇರಿದವನು ಎಂದು ಹೇಳುತ್ತಾನೆ. ವಾರಕ್ಕೆ ಐದು ದಿನ, 40 ಗಂಟೆ ಎಂಬುದು ಅವರ ಬೇಡಿಕೆಯಾಗಿತ್ತು. ದೇಶ ಇನ್ನೂ ಕಟ್ಟುತ್ತಿರುವಾಗಲೇ ಅವರು ಇದನ್ನು ಕೇಳಿದರು, ಹೋರಾಡಿ ಪಡೆದರು. ಮುಂದೆ 1984ರ ದೊಡ್ಡ ಮುಷ್ಕರದ ಬಳಿಕ, 1995ರ ಹೊತ್ತಿಗೆ, ಪಶ್ಚಿಮ ಜರ್ಮನಿಯ ಲೋಹೋದ್ಯಮದಲ್ಲಿ ವಾರಕ್ಕೆ 35 ಗಂಟೆ ನೆಲೆಯೂರಿತು.

ನಮ್ಮ ಹುಡುಗ ಸಂಜೆ ಐದಕ್ಕೆ ಮನೆಗೆ ಹೋಗುವುದು ಅವನ ಸೋಮಾರಿತನದಿಂದಲ್ಲ, ಯಾರ ಔದಾರ್ಯದಿಂದಲೂ ಅಲ್ಲ. ಅವನಿಗಿಂತ ಮುಂಚೆ ಅಲ್ಲಿ ದುಡಿದವರು ಒಗ್ಗಟ್ಟಾಗಿ ನಿಂತು ಆ ಸಂಜೆಯನ್ನು ಗಳಿಸಿಟ್ಟಿದ್ದಾರೆ.

ಜಪಾನ್, ಕೊರಿಯಾ ಕಲಿಸುವ ಪಾಠ

ಜಪಾನಿನವರು ಅತಿಯಾಗಿ ದುಡಿದದ್ದು ನಿಜ. ಆಜೀವ ನೌಕರಿ, ವಯಸ್ಸಿನೊಂದಿಗೆ ಏರುವ ಸಂಬಳ ಅಲ್ಲಿನ ದೊಡ್ಡ ಕಂಪನಿಗಳು ಕೊಟ್ಟ ಪ್ರತಿಫಲ. ಅದಕ್ಕೆ ಪ್ರತಿಯಾಗಿ ನೌಕರ ತನ್ನ ಸಂಜೆ, ರಾತ್ರಿಗಳನ್ನು ಕಂಪನಿಗೆ ಒಪ್ಪಿಸಿದ. ಫಲವೇನು? ದುಡಿದು ದುಡಿದು ಸಾಯುವುದಕ್ಕೆ ಆ ಭಾಷೆಯಲ್ಲಿ 'ಕರೋಶಿ' ಎಂಬ ಪದವೇ ಹುಟ್ಟಿತು. ಕೊನೆಗೆ ಸರಕಾರವೇ 2018ರಲ್ಲಿ ಕಾನೂನು ತಂದು, 2019ರ ಏಪ್ರಿಲ್‌ನಿಂದ ಹೆಚ್ಚುವರಿ ದುಡಿಮೆಗೆ ತಿಂಗಳಿಗೆ 45, ವರ್ಷಕ್ಕೆ 360 ಗಂಟೆಯ ಸಾಮಾನ್ಯ ಮಿತಿ ಹಾಕಬೇಕಾಯಿತು. ಇಷ್ಟೆಲ್ಲ ದುಡಿದ ಜಪಾನಿನಲ್ಲಿ ಒಂದು ಗಂಟೆಯ ದುಡಿಮೆಯಿಂದ ಹುಟ್ಟುವ ಮೌಲ್ಯ ಜರ್ಮನಿಗಿಂತ ಬಹಳ ಕಡಿಮೆ. ರಾತ್ರಿ ಹತ್ತಕ್ಕೂ ಕಚೇರಿಯ ದೀಪ ಉರಿದರೆ ಕೆಲಸ ಆಗುತ್ತಿದೆ ಎಂದಲ್ಲ. ಎದ್ದು ಹೋಗಲು ಯಾರಿಗೂ ಧೈರ್ಯವಿಲ್ಲ ಎಂದೂ ಆಗಿರಬಹುದು.

ದಕ್ಷಿಣ ಕೊರಿಯಾ ಉದ್ದನೆಯ ದುಡಿಮೆಯಿಂದಲೇ ಶ್ರೀಮಂತವಾಯಿತಲ್ಲ ಎನ್ನುವವರಿದ್ದಾರೆ. ವಾದದಲ್ಲಿ ಸ್ವಲ್ಪ ಹುರುಳಿದೆ, ಒಪ್ಪುತ್ತೇನೆ. ಆದರೆ ಅದಕ್ಕೂ ಮುಂಚೆ ಅವರು ಉಳುವವನಿಗೆ ಭೂಮಿ ಹಂಚಿದ್ದರು, ಮಕ್ಕಳನ್ನೆಲ್ಲ ಶಾಲೆಗೆ ಕಳಿಸಿದ್ದರು. ಆ ದೇಶವೇ 2018ರಲ್ಲಿ ವಾರದ ಗರಿಷ್ಠ ದುಡಿಮೆಯನ್ನು 68ರಿಂದ 52 ಗಂಟೆಗೆ ಇಳಿಸಿತು. 2023ರಲ್ಲಿ ಸರಕಾರ ಅದನ್ನು ಮತ್ತೆ 69ಕ್ಕೆ ಏರಿಸಲು ಹೊರಟಾಗ ಯುವಕರು ತಿರುಗಿಬಿದ್ದರು, ಸರಕಾರ ಹಿಂದೆ ಸರಿಯಿತು. ಅದೇ ವರ್ಷ ಅಲ್ಲಿ ಒಬ್ಬ ಮಹಿಳೆಗೆ ಸರಾಸರಿ 0.72 ಮಗು ಎಂಬ, ಜಗತ್ತಿನಲ್ಲೇ ಅತಿ ಕಡಿಮೆ ಜನನ ಪ್ರಮಾಣ ದಾಖಲಾಯಿತು. ಅದಕ್ಕೆ ಮನೆಯ ಬೆಲೆ, ಮಕ್ಕಳ ಓದಿನ ಖರ್ಚು ಹೀಗೆ ಕಾರಣಗಳು ಹಲವು. ಆದರೆ ಮನೆಗೆ ಬರಲು ಪುರುಸೊತ್ತಿಲ್ಲದವರು ಮನೆ ಕಟ್ಟುವುದು ಹೇಗೆ? ಚೀನಾದಲ್ಲಿ ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತು, ವಾರಕ್ಕೆ ಆರು ದಿನ ಎಂಬ ಪದ್ಧತಿಗೆ '996' ಎಂದು ಹೆಸರು. 2021ರ ಆಗಸ್ಟ್‌ನಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವೇ ಅದನ್ನು ಕಾನೂನುಬಾಹಿರ ಎಂದಿತು. ಆ 996 ಎಂದರೆ ವಾರಕ್ಕೆ 72 ಗಂಟೆ. ಅಲ್ಲಿ ಕಾನೂನುಬಾಹಿರವಾದದ್ದು ಇಲ್ಲಿ ದೇಶಭಕ್ತಿಯಾಗಿದೆ!

ಅಮೆರಿಕದ ಮಾತೂ ಬೇಕು, ಏಕೆಂದರೆ ನಮ್ಮ ಕಂಪನಿಗಳು ನಡೆಯುವುದು ಆ ಮೇಲ್ಪಂಕ್ತಿಯಲ್ಲಿ. ಅಲ್ಲಿ ವರ್ಷಕ್ಕೆ ಸರಾಸರಿ ಸುಮಾರು 1,800 ಗಂಟೆ ದುಡಿಮೆ. ಸಂಬಳ ದೊಡ್ಡದು, ಬೋನಸ್ಸು, ಷೇರು ಉಂಟು. ಆದರೆ ಸಂಬಳ ಸಹಿತ ರಜೆ ಕೊಡಲೇಬೇಕೆಂಬ ರಾಷ್ಟ್ರೀಯ ಕಾನೂನು ಇಲ್ಲ. ಕೋಟ್ಯಂತರ ಜನರ ಆರೋಗ್ಯ ವಿಮೆ ನೌಕರಿಗೇ ಗಂಟು ಬಿದ್ದಿದೆ. ನೌಕರಿ ಹೋದರೆ ಆಸ್ಪತ್ರೆಯ ಬಾಗಿಲೂ ಮುಚ್ಚೀತೆಂಬ ಅಂಜಿಕೆ ಅಲ್ಲಿ ಜನರನ್ನು ದುಡಿಸುತ್ತದೆ. ಡೆನ್ಮಾರ್ಕ್ ಬೇರೆ ದಾರಿ ಹಿಡಿದಿದೆ. ಅಲ್ಲಿ ನೌಕರನನ್ನು ತೆಗೆಯುವುದು ಸುಲಭ, ಕನಿಷ್ಠ ಕೂಲಿಯ ಕಾನೂನೂ ಇಲ್ಲ. ಆದರೆ ಸುಮಾರು ಮೂರರಲ್ಲಿ ಎರಡು ಪಾಲು ದುಡಿಯುವವರು ಸಂಘಗಳಲ್ಲಿದ್ದಾರೆ, ಕೂಲಿಯನ್ನು ಸಂಘ–ಮಾಲೀಕರ ಒಪ್ಪಂದ ನಿರ್ಧರಿಸುತ್ತದೆ. ನಿರುದ್ಯೋಗ ವಿಮೆಯ ಸದಸ್ಯನಾಗಿದ್ದವನಿಗೆ ನೌಕರಿ ಹೋದ ಮೇಲೆ ಎರಡು ವರ್ಷದವರೆಗೆ ಭತ್ಯೆಯ ಆಸರೆಯುಂಟು. ಅಂಜಿಕೆಯಿಲ್ಲದೆಯೂ ಜನ ದುಡಿಯುತ್ತಾರೆ ಎಂಬುದಕ್ಕೆ ಆ ದೇಶ ಸಾಕ್ಷಿ.

ನಮ್ಮ ಲೆಕ್ಕವೇನು?

"ನಾವು ಬಡವರು, ಮೊದಲು ಹೆಚ್ಚು ದುಡಿಯೋಣ" ಎನ್ನುತ್ತಾರೆ. ನಾವು ದುಡಿಯುತ್ತಿಲ್ಲವೇ? ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಲೆಕ್ಕದಲ್ಲಿ ಭಾರತೀಯರು ವಾರಕ್ಕೆ ಸರಾಸರಿ ಸುಮಾರು 47 ಗಂಟೆ ದುಡಿಯುತ್ತಾರೆ. ಅರ್ಧದಷ್ಟು ಜನ 49 ಗಂಟೆಗೂ ಮೀರಿ. ಜಗತ್ತಿನಲ್ಲಿ ಅತಿ ಹೆಚ್ಚು ಹೊತ್ತು ದುಡಿಯುವ ದೇಶಗಳ ಸಾಲಿನಲ್ಲೇ ನಾವಿದ್ದೇವೆ. ಗಂಟೆ ಹೆಚ್ಚಿದರೆ ಸಿರಿ ಬರುವುದಾದರೆ, ನಸುಕಿನಲ್ಲೇ ಎದ್ದು ಕತ್ತಲಾಗುವತನಕ ಗದ್ದೆಯಲ್ಲಿ ಬಾಗುವ ನಮ್ಮ ಕಬ್ಬು ಕಡಿಯುವ ಗ್ಯಾಂಗಿನವರು ಈ ಜಿಲ್ಲೆಯ ಕುಬೇರರಾಗಬೇಕಿತ್ತು. ಅವರು ಮುಂಗಡ ಸಾಲ ತೀರಿಸಿದರೆ ಸಾಕೆಂದು ಪ್ರತಿ ಹಂಗಾಮಿಗೆ ಗುಳೆ ಹೋಗುತ್ತಿದ್ದಾರೆ.

ಕೂಲಿಯ ಮಾತು ನೋಡಿ. 2025ರಲ್ಲಿ ಜರ್ಮನಿಯ ಕನಿಷ್ಠ ಕೂಲಿ ಗಂಟೆಗೆ 12.82 ಯೂರೊ. ಭಾರತದಲ್ಲಿ ಕೇಂದ್ರ ಸರಕಾರ 2019ರಲ್ಲಿ ಸೂಚಿಸಿದ ರಾಷ್ಟ್ರೀಯ ತಳಮಟ್ಟದ ಕೂಲಿ ದಿನಕ್ಕೆ 178 ರೂಪಾಯಿ. ಅಲ್ಲಿನ ಬೆಲೆ ಬೇರೆ, ಇಲ್ಲಿನ ಬೆಲೆ ಬೇರೆ, ಒಪ್ಪೋಣ. ಆದರೂ ಗಂಟೆಗಳನ್ನು ಜರ್ಮನಿಗೆ ಹೋಲಿಸುವವರು ಕೂಲಿಯ ಮಾತು ಬಂದಾಗ ಮಾತ್ರ ಹೋಲಿಕೆಯನ್ನೇ ಮರೆಯುವುದೇಕೆ?

ದುಡಿದದ್ದರ ಫಲ ಎಲ್ಲಿ ಹೋಗುತ್ತಿದೆ ಎಂಬುದಕ್ಕೆ ಸರಕಾರದ ದಾಖಲೆಯೇ ಇದೆ. 2024–25ರ ಆರ್ಥಿಕ ಸಮೀಕ್ಷೆ ಹೇಳುವಂತೆ, 2023–24ರಲ್ಲಿ ದೊಡ್ಡ ಕಂಪನಿಗಳ ಲಾಭದ ಪ್ರಮಾಣ 15 ವರ್ಷಗಳ ಎತ್ತರ ಮುಟ್ಟಿತು. ಲಾಭ ಶೇ. 22.3ರಷ್ಟು ಬೆಳೆದಾಗ ಉದ್ಯೋಗ ಬೆಳೆದದ್ದು ಶೇ. 1.5. ಅಂದರೆ ಇಬ್ಬರು ಮಾಡಬೇಕಾದ್ದನ್ನು ಒಬ್ಬರಿಂದ ಮಾಡಿಸಿ, ಇನ್ನೊಬ್ಬರನ್ನು ನಿರುದ್ಯೋಗಿಯಾಗಿ ಕಟ್ಟೆಯ ಮೇಲೆ ಕೂಡಿಸಲಾಗುತ್ತಿದೆ. ಒಬ್ಬನಿಗೆ ನಿದ್ದೆಯಿಲ್ಲ, ಇನ್ನೊಬ್ಬನಿಗೆ ಕೆಲಸವಿಲ್ಲ. ನಮ್ಮ ಮಠದ ಆವರಣದಲ್ಲೇ ಅರ್ಜಿ ಹಿಡಿದು ಅಲೆಯುವ ಪದವೀಧರರನ್ನು ಎಣಿಸಿ ನೋಡಿ.

ಇತಿಹಾಸವನ್ನೂ ತುಸು ನೆನೆಯೋಣ. 1919ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಮೊಟ್ಟಮೊದಲ ಒಡಂಬಡಿಕೆ ಕಾರ್ಖಾನೆಗಳಿಗೆ ದಿನಕ್ಕೆ 8, ವಾರಕ್ಕೆ 48 ಗಂಟೆ ಎಂದು ವಿಧಿಸಿತು. ಆದರೆ ಅದರಲ್ಲೇ ಬ್ರಿಟಿಷ್ ಇಂಡಿಯಾಕ್ಕೆ ಬೇರೆ ಕಲಮು ಬರೆದು 60 ಗಂಟೆ ಎಂದರು. ಯಜಮಾನರ ದೇಶಕ್ಕೆ 48, ಗುಲಾಮರ ದೇಶಕ್ಕೆ 60! ಆ ಅವಮಾನ ತೊಳೆಯಲು ನಮ್ಮವರಿಗೆ ಕಾಲು ಶತಮಾನ ಹಿಡಿಯಿತು. 1942ರಿಂದ 1946ರವರೆಗೆ ವೈಸರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾಗಿದ್ದ ಡಾ. ಬಿ.ಆರ್. ಅಂಬೇಡ್ಕರ್ ಅವರ ಶ್ರಮದಿಂದ 1946ರಲ್ಲಿ ವಾರಕ್ಕೆ 48 ಗಂಟೆ ಎಂಬ ಮಿತಿ ಇಲ್ಲಿಗೂ ಬಂತು. 1948ರ ಕಾರ್ಖಾನೆ ಕಾಯ್ದೆ ಅದನ್ನು ಉಳಿಸಿಕೊಂಡು, ಮೀರಿ ದುಡಿಸಿದರೆ ದುಪ್ಪಟ್ಟು ಕೂಲಿ ಎಂದಿತು. ಪರಕೀಯರು ನಮಗೆ ಹೇರಿದ್ದು 60. ನಮ್ಮವರೇ ಈಗ ಕೇಳುತ್ತಿರುವುದು 70, 90.

ಇದು ಬರೀ ಭಾಷಣವಲ್ಲ. 2023ರ ಫೆಬ್ರವರಿಯಲ್ಲಿ ನಮ್ಮ ಕರ್ನಾಟಕದ ವಿಧಾನಮಂಡಲ ಕಾರ್ಖಾನೆಗಳಲ್ಲಿ ದಿನಕ್ಕೆ 12 ಗಂಟೆಯವರೆಗೆ ದುಡಿಸಲು ದಾರಿ ಮಾಡಿತು; ಮೂರು ತಿಂಗಳಿಗೆ 75 ಗಂಟೆಯಿದ್ದ ಓವರ್‌ಟೈಮ್ ಮಿತಿಯನ್ನು 144ಕ್ಕೆ ಏರಿಸಿತು. ವಾರದ ಮಿತಿ 48ರಲ್ಲೇ ಇದೆ, ಕಾರ್ಮಿಕನ ಒಪ್ಪಿಗೆ ಬೇಕು ಎಂದು ಬರೆದಿದ್ದಾರೆ. ಗಾರ್ಮೆಂಟ್ ಕಾರ್ಖಾನೆಯ ಹೆಣ್ಣುಮಗಳು ಸೂಪರ್‌ವೈಸರನ ಮುಂದೆ ನಿಂತು "ನನಗ ಒಪ್ಪಿಗಿಲ್ರಿ" ಎಂದು ಹೇಳುವುದನ್ನು ಒಮ್ಮೆ ಕಲ್ಪಿಸಿಕೊಳ್ಳಿ. ಅದೇ ವರ್ಷ ಏಪ್ರಿಲ್‌ನಲ್ಲಿ ತಮಿಳುನಾಡು ಇಂಥದೇ ಮಸೂದೆ ಅಂಗೀಕರಿಸಿತು. ಕಾರ್ಮಿಕ ಸಂಘಗಳು ಎದ್ದು ನಿಂತವು, ಮೇ 1ರಂದು ಅಲ್ಲಿನ ಮುಖ್ಯಮಂತ್ರಿ ಅದನ್ನು ಹಿಂತೆಗೆದುಕೊಳ್ಳುವುದಾಗಿ ಘೋಷಿಸಿದರು. ನಾವು ಮಾತ್ರ ಆಗ ಯಾವುದೋ ಗೋಷ್ಠಿಯಲ್ಲಿ ಚಪ್ಪಾಳೆ ತಟ್ಟುತ್ತಿದ್ದೆವು.

ಶರಣರನ್ನು ಸಾಕ್ಷಿಗೆ ಕರೆಯುವ ಮುನ್ನ

"ಶರಣರು ಗಂಟೆ ಎಣಿಸಿದರೇ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಎಣಿಸಲಿಲ್ಲ, ಏಕೆಂದರೆ ಗಂಟೆ ಅವರದೇ ಆಗಿತ್ತು. ನುಲಿಯ ಚಂದಯ್ಯನ ಹಗ್ಗ ಚಂದಯ್ಯನದು. ಅಂಬಿಗರ ಚೌಡಯ್ಯನ ಹುಟ್ಟು ಚೌಡಯ್ಯನ ಕೈಯಲ್ಲಿತ್ತು. ಬಂದ ಗಳಿಕೆಯೂ ಅವರದೇ, ಅದರಿಂದಲೇ ದಾಸೋಹ. ಸ್ವಂತ ಗಳಿಕೆ ಇಲ್ಲದವನು ದಾಸೋಹ ಮಾಡುವುದು ಹೇಗೆ? ಒಬ್ಬನ ಹೆಚ್ಚುವರಿ ನಾಲ್ಕು ಗಂಟೆಯನ್ನು ಕೂಲಿಯಿಲ್ಲದೆ ಕಿತ್ತುಕೊಂಡರೆ ಅವನ ಕಾಯಕವನ್ನೂ ಕಿತ್ತುಕೊಂಡಂತೆ, ದಾಸೋಹವನ್ನೂ ಕಿತ್ತುಕೊಂಡಂತೆ. ಉಳಿಯುವುದು ಬಿಟ್ಟಿ ಚಾಕರಿ. ಹನ್ನೆರಡನೆಯ ಶತಮಾನದ ಆ ಚಳವಳಿ ಎದ್ದದ್ದೇ ಇಂಥ ಚಾಕರಿಯ ವಿರುದ್ಧ.

ಆಯ್ದಕ್ಕಿ ಮಾರಯ್ಯನ ಕಥೆ ನಮಗೆಲ್ಲ ಬಾಯಿಪಾಠ. ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ ಗಂಡನನ್ನು ಲಕ್ಕಮ್ಮ ತಡೆದು, ಹೆಚ್ಚಾದದ್ದನ್ನು ವಾಪಸ್ ಕಳಿಸಿದಳು. ಹೆಚ್ಚಳ ಯಾರಿಗೆ, ಏತಕ್ಕೆ ಎಂದು ಕೇಳಿದವಳು ಅವಳು. ಶೇ. 22.3ರ ಲಾಭದ ಮುಂದೆ ನಿಂತು ಆ ಪ್ರಶ್ನೆ ಕೇಳುವ ಲಕ್ಕಮ್ಮ ಇಂದು ಬೇಕು. ಅನುಭವ ಮಂಟಪದ ಸಂಗತಿಯನ್ನೂ ನೋಡಿ. ಬಡಗಿ, ಅಗಸ, ಮಡಿವಾಳ, ಸಮಗಾರ ಎಲ್ಲರೂ ಕೂಡಿ ಕುಳಿತು ಚರ್ಚಿಸಿದರೆಂದು ನಾವು ಹೆಮ್ಮೆ ಪಡುತ್ತೇವೆ. ವಾರಕ್ಕೆ 90 ಗಂಟೆ ದುಡಿದಿದ್ದರೆ ಅವರಲ್ಲಿ ಯಾರು ಬಂದು ಕೂಡುತ್ತಿದ್ದರು? ಏಳೂ ದಿನ ಸೇರಿಸಿದರೂ ಅದು ದಿನಕ್ಕೆ ಸುಮಾರು 13 ಗಂಟೆ. ಮೇಲೆ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಎರಡು ಮೂರು ಗಂಟೆ. ಅನುಭಾವಕ್ಕಿರಲಿ, ಸ್ನಾನಕ್ಕೂ ಹೊತ್ತಿಲ್ಲ.

ಹೆಂಡತಿಯ ಮುಖ ನೋಡುವ ಮಾತಾಡಿದವರಿಗೆ ಇನ್ನೊಂದು ಲೆಕ್ಕ. 2019ರ ರಾಷ್ಟ್ರೀಯ ಕಾಲ ಬಳಕೆ ಸಮೀಕ್ಷೆಯಂತೆ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಾರೆ, ಅದನ್ನು ಮಾಡುವ ಗಂಡಸರು 97 ನಿಮಿಷ. ಗಂಡ 70 ಗಂಟೆ ಕಚೇರಿಯಲ್ಲಿರಲು ಸಾಧ್ಯವಾಗುವುದು ಮನೆಯಲ್ಲಿ ಒಬ್ಬಳು ಪಗಾರವಿಲ್ಲದೆ ಅಡುಗೆ, ಬಟ್ಟೆ, ಮಕ್ಕಳು, ಮುದುಕರನ್ನು ನೋಡಿಕೊಳ್ಳುವುದರಿಂದ. ಹೆಂಡತಿಯೂ 70 ಗಂಟೆ ದುಡಿದರೆ ಮಗುವಿಗೆ ಉಣ್ಣಿಸುವವರಾರು? ನಮ್ಮ ಅಣ್ಣನ ಮಗಳು ಮದುವೆಯ ಮಾತೆತ್ತಿದರೆ ಮುಖ ತಿರುಗಿಸುವುದು ಏಕೆಂದು ನನಗೆ ಈಗ ತಿಳಿಯಿತು. ಆರೋಗ್ಯದ ಮಾತು ಬೇರೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಹೇಳಿದಂತೆ, ವಾರಕ್ಕೆ 55 ಗಂಟೆ ಮೀರಿ ದುಡಿಯುವವರಿಗೆ 35–40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು ಹೆಚ್ಚು. ದೇಹವೇ ದೇಗುಲ ಎಂದು ನಂಬಿದವರು ಆ ದೇಗುಲ ಕೆಡವುವ ಕೆಲಸಕ್ಕೆ ಕಾಯಕ ಎನ್ನಬಹುದೇ?

ಮೊದಲು ನಮ್ಮ ಅಂಗಳ ಗುಡಿಸೋಣ

ಉದ್ಯಮಿಗಳನ್ನಷ್ಟೇ ಬೈದು ಕೈ ತೊಳೆದುಕೊಂಡರೆ ಅದು ಆತ್ಮವಂಚನೆ. ಮಠಗಳ ಹೆಸರಿನಲ್ಲಿ ನಡೆಯುವ ಶಾಲೆ, ಕಾಲೇಜು, ಆಸ್ಪತ್ರೆ, ಪ್ರಸಾದ ನಿಲಯಗಳು ಈ ನಾಡಿಗೆ ಅಕ್ಷರ, ಅನ್ನ ಕೊಟ್ಟಿವೆ. ನಾನೂ ಆ ಅನ್ನ ಉಂಡವನೇ. ಆದರೆ ಮಾಸ್ತರನಾಗಿ ನಾನು ಮೊದಲು ಸೇರಿದ ಅನುದಾನರಹಿತ ಶಾಲೆಯಲ್ಲಿ ರುಜು ಹಾಕಿದ ಸಂಬಳ ಒಂದು, ಕೈಗೆ ಬಂದದ್ದು ಇನ್ನೊಂದು. ಕೇಳಿದಾಗ ಆಡಳಿತ ಮಂಡಳಿಯ ಹಿರಿಯರು "ಮಾಸ್ತರ, ಇದು ಕಾಯಕ ಅಂತ ತಿಳೀರಿ" ಎಂದರು. ಆ ದಿನ ನಾನು ಸುಮ್ಮನೆ ತಲೆಯಾಡಿಸಿದೆ. ಇಂದಿಗೂ ಅತಿಥಿ ಶಿಕ್ಷಕರು, ದಾದಿಯರು, ಅಡುಗೆಯವರು, ಕಾವಲುಗಾರರು ಇದೇ ಮಾತು ಕೇಳುತ್ತಿದ್ದಾರೆ. ಕಾಯಕ ಎಂಬ ಪದ ಎದುರಿಗಿದ್ದವನ ಬಾಯಿ ಮುಚ್ಚಿಸಲು ಬಳಕೆಯಾದರೆ ಅದಕ್ಕಿಂತ ದೊಡ್ಡ ಶರಣದ್ರೋಹ ಇಲ್ಲ.

ಆದ್ದರಿಂದ ಪೂಜ್ಯರಲ್ಲಿ, ಆಡಳಿತ ಮಂಡಳಿಗಳಲ್ಲಿ ನನ್ನ ವಿನಂತಿ ಇಷ್ಟೇ. ನಮ್ಮ ಪ್ರತಿ ಸಂಸ್ಥೆಯಲ್ಲಿ ಪ್ರತಿ ದುಡಿಯುವವರಿಗೂ ನೇಮಕ ಪತ್ರ ಕೊಡಿ. ರುಜು ಹಾಕಿದಷ್ಟು ಹಣ ಬ್ಯಾಂಕ್ ಖಾತೆಗೆ ಜಮಾ ಆಗಲಿ. ದಿನಕ್ಕೆ 8 ಗಂಟೆ, ವಾರಕ್ಕೆ ಒಂದು ದಿನ ಪೂರ್ಣ ಬಿಡುವು, ಮೀರಿದ ದುಡಿಮೆಗೆ ದುಪ್ಪಟ್ಟು ಕೂಲಿ ಇರಲಿ. ಭವಿಷ್ಯನಿಧಿ, ಇಎಸ್‌ಐ ತಪ್ಪದಿರಲಿ. ಜಾತ್ರೆ, ಉತ್ಸವದ ದಿನಗಳ ಸೇವೆ ಸ್ವಇಚ್ಛೆಯಿಂದ ಬಂದದ್ದೋ, ಅಂಜಿಕೆಯಿಂದ ಬಂದದ್ದೋ ಎಂದು ಒಮ್ಮೆ ಕೇಳಿ ನೋಡಿ. ಇಷ್ಟು ಮಾಡಿದ ಮೇಲೆ ನಾವು ಕಂಪನಿಗಳ ಮುಂದೆ ತಲೆಯೆತ್ತಿ ಮಾತಾಡಬಹುದು.

ಓದುಗ ಬಂಧುಗಳಲ್ಲಿಯೂ ಒಂದು ಮಾತು. ಮುಂದಿನ ಗೋಷ್ಠಿಯಲ್ಲಿ ಯಾರಾದರೂ 70 ಗಂಟೆಯ ಕಾಯಕದ ಉಪದೇಶ ಮಾಡಿದರೆ ಚಪ್ಪಾಳೆ ತಟ್ಟುವ ಮುಂಚೆ ಎದ್ದು ನಿಂತು ಮೂರು ಪ್ರಶ್ನೆ ಕೇಳಿ: ಹೆಚ್ಚಿನ ಗಂಟೆಗೆ ಹೆಚ್ಚಿನ ಕೂಲಿ ಕೊಡುತ್ತೀರಾ? ಒಲ್ಲೆ ಎಂದವರ ನೌಕರಿ ಉಳಿಯುತ್ತದೆಯೇ? ಬಂದ ಲಾಭದಲ್ಲಿ ದುಡಿದವರ ಪಾಲೆಷ್ಟು? ಈ ಮೂರಕ್ಕೂ ನೇರ ಉತ್ತರ ಬಂದರೆ ಅದನ್ನು ಕಾಯಕ ಎನ್ನೋಣ, ನಾನೇ ಮೊದಲು ಚಪ್ಪಾಳೆ ತಟ್ಟುತ್ತೇನೆ.

ಅಣ್ಣನ ಮಗಳಿಗೆ ನಿನ್ನೆ ಫೋನು ಮಾಡಿ ಹೇಳಿದೆ: "ನಿಮ್ಮ ಅಣ್ಣಾ ಮೈಗಳ್ಳ ಅಲ್ಲವ್ವಾ. ಅಂವಗ ಸಿಕ್ಕಿದ್ದು ನಿನಗೂ ಸಿಗಬೇಕು." ಅವಳು ನಕ್ಕಳು. ಹಿಂದಿನಿಂದ ಯಾರೋ ಕರೆಯುವುದು ಕೇಳಿಸಿತು. "ಕಾಕಾ, ಮೀಟಿಂಗ್ ಶುರು ಆತು, ಆಮ್ಯಾಲೆ ಮಾತಾಡ್ತೀನ್ರಿ" ಎಂದು ಇಟ್ಟಳು. ಗೋಡೆಯ ಗಡಿಯಾರ ನೋಡಿದೆ. ರಾತ್ರಿ ಒಂಬತ್ತೂವರೆ.